ನಲವತ್ತು ಡ್ರೈವರುಗಳು ಮತ್ತು ಬೇಯಿಸಿದ ಅಳಲೆಕಾಯಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಅಳಿಯಂದಿರದೂ ಹೌದು, ಆದರೆ ಅವರು ಗೊತ್ತಿಲ್ಲದೆ ಮಾಡಿದರು. ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನಲವತ್ತು ಜನರಿಗೆ ಇನ್ನೊಂದು ಕಡೆ ಮುಚ್ಚಿಹೋಯಿತು.

ಅಳಿಯಂದಿರು ಅಂದರೆ ನಮ್ಮ ಅತ್ತೆಯ ಮಗಳ ಗಂಡ. ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿ ಎಂಟು ತಿಂಗಳಾದರೂ ಅವರನ್ನು ಅಂಗಡಿಗೆ ಬರುವವರು, ಹೋಗುವವರು, ಎದುರಿನ ಚಪ್ಪಲಿ ಹೊಲಿಯುವವನು ಎಲ್ಲರೂ ‘ಅಳಿಯಂದಿರು’ ಎಂದೇ ಕರೆಯುತ್ತಾರೆ. ಒಬ್ಬನೇ ಮನುಷ್ಯನಿಗೆ ಇಷ್ಟೊಂದು ಬಹುವಚನ ಯಾಕೆ ಅಂತ ನನಗೆ ಮೊದಲ ದಿನದಿಂದಲೇ ಮೈ ಉರಿಯುತ್ತಿತ್ತು. ನನ್ನನ್ನು ಮಾತ್ರ ಎಲ್ಲರೂ ‘ಏ ಇವನೇ’ ಅನ್ನುತ್ತಾರೆ.

ಅತ್ತೆಯದು ಔಷಧಿ ಅಂಗಡಿ. ಮಾತ್ರೆ, ಟಾನಿಕ್ಕು ಮಾರುವಂಥದ್ದಲ್ಲ. ಬೇರು, ಚಕ್ಕೆ, ಕಾಯಿ, ಬೀಜ, ಪುಡಿ. ಮುಂದೆ ಒಂದು ಉದ್ದನೆಯ ಮೇಜು, ಅದರ ಬೆನ್ನಿಗೆ ನೂರಾ ಹನ್ನೆರಡು ಡ್ರಾಯರುಗಳ ಮರದ ಕಪಾಟು. ಕಪಾಟಿನ ಪಕ್ಕದ ಬಾಗಿಲು ದಾಟಿದರೆ ಪುಡಿ ಕೋಣೆ. ಅಲ್ಲಿ ಎರಡು ಕಿಟಕಿ, ಒಂದು ತೆರೆಯುವುದಿಲ್ಲ. ಒಂದು ಪುಡಿ ಯಂತ್ರ, ಮೂರು ಜರಡಿ, ಕಾಯಿ ಒಡೆಯಲು ಒಂದು ಚಪ್ಪಟೆ ಕಲ್ಲು, ಒಂದು ಸುತ್ತಿಗೆ, ಮೂಲೆಯಲ್ಲಿ ಒಂದು ಗ್ಯಾಸ್ ಒಲೆ. ಎಂಟನೇ ಕ್ಲಾಸಿನ ಮಧ್ಯದಲ್ಲಿ ಮೇಷ್ಟರ ಮೇಜಿನ ಮೇಲೆ ಪುಸ್ತಕ ಎಸೆದು ಎದ್ದು ಬಂದವನು ಸೀದಾ ಬಂದು ಕೂತಿದ್ದು ಈ ಕೋಣೆಯಲ್ಲಿ. ಹತ್ತು ವರ್ಷವಾಯಿತು. ಅಪ್ಪ ಆಮೇಲೆ ಎರಡು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅತ್ತೆ ಮಾತ್ರ ಏನೂ ಕೇಳದೆ ಒಂದು ಅಳಲೆಕಾಯಿ ಕೈಗಿಟ್ಟು, ಅಗಿ ಅಂದರು.

ಅಗಿದೆ. ನಾಲಿಗೆ, ದವಡೆ, ಕೆನ್ನೆ ಎಲ್ಲ ಒಟ್ಟಿಗೆ ಒಳಕ್ಕೆ ಎಳೆದುಕೊಂಡವು. ಅಂಥ ಒಗರು. ಈ ಕಾಯಿಯನ್ನು ಮೂರು ತಿಂಗಳು ಕಲಿ, ಆಮೇಲೆ ಬೇರೆಯದರ ಮಾತು ಅಂದರು.

ಮೂರು ತಿಂಗಳು ಅದನ್ನೇ ಕಲಿತೆ. ನೀರಿಗೆ ಹಾಕಿದರೆ ಮುಳುಗಬೇಕು, ತೇಲುವ ಕಾಯಿ ಎಸೆಯಬೇಕು. ಕೆಮ್ಮಿದ್ದವರಿಗೆ ಒಂದು ಚೂರು ಕೆನ್ನೆಯೊಳಗೆ ಇಟ್ಟುಕೊಳ್ಳಲು. ಬಾಯಿ ಹುಣ್ಣಾದವರಿಗೆ ಕಷಾಯ ಮಾಡಿ ಮುಕ್ಕಳಿಸಲು. ವಸಡು ಸಡಿಲವಾದವರಿಗೆ ನುಣ್ಣನೆಯ ಪುಡಿ. ಗಾಯ ತೊಳೆಯುವುದಕ್ಕೂ ಅದೇ ಕಷಾಯ. ಇದೆಲ್ಲ ಸಣ್ಣ ಪಾಠ. ದೊಡ್ಡ ಪಾಠ ಹೊಟ್ಟೆಯದು. ಅಳಲೆಕಾಯಿ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಅನ್ನುವುದು, ನಾವು ಅದಕ್ಕೆ ಮೊದಲು ಏನು ಮಾಡಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಅಗಿದು ತಿಂದರೆ ಹಸಿವಾಗುತ್ತದೆ. ಹಸಿಯಾಗಿ ಪುಡಿ ಮಾಡಿ ಕುಡಿದರೆ ಹೊಟ್ಟೆ ಸಡಿಲವಾಗಿ ಹೊರಗೆ ಹೋಗುತ್ತದೆ. ಬೇಯಿಸಿ ಒಣಗಿಸಿ ಪುಡಿ ಮಾಡಿದರೆ ಪೂರ್ತಿ ಉಲ್ಟಾ: ಹೋಗುತ್ತಿರುವುದು ನಿಲ್ಲುತ್ತದೆ, ಗಟ್ಟಿಯಾಗುತ್ತದೆ. ಅದೇ ಕಾಯಿ, ಅದೇ ಬಣ್ಣ, ಅದೇ ಡಬ್ಬಿ. ಹುರಿದದ್ದು ನಾಲ್ಕನೆಯದು, ಅದರ ಕಥೆ ಇಲ್ಲಿ ಬೇಡ. ಅತ್ತೆ ಇದನ್ನು ಯಾವ ಕಾಗದದಲ್ಲೂ ಬರೆದಿಡಲಿಲ್ಲ. ಅವರ ತಲೆಯಲ್ಲಿತ್ತು, ಆಮೇಲೆ ನನ್ನ ತಲೆಯಲ್ಲಿತ್ತು, ಅಷ್ಟೇ.

ಅಪ್ಪ ಬಸ್ಸಿನ ಡ್ರೈವರು. ನಾಲ್ಕನೇ ನಂಬರಿನ ಬಸ್ಸು, ಇಪ್ಪತ್ತೈದು ವರ್ಷದಿಂದ. ಬಸ್ ಡ್ರೈವರುಗಳ ಹೊಟ್ಟೆಯ ಬಗ್ಗೆ ನಿಮಗೆ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ನೀವು ಹಿಂದಿನ ಸೀಟಿನಲ್ಲಿ ಕೂತು ಬಸ್ಸು ತಡವಾಯಿತು ಅಂತ ಗೊಣಗುವವರು. ದಾರಿಯಲ್ಲಿ ಕಕ್ಕಸು ಇಲ್ಲ. ಇದ್ದರೂ ಐವತ್ತು ಜನರನ್ನು ಕೂರಿಸಿ ಇಳಿದು ಹೋಗುವಂತಿಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ. ಬಂದದ್ದನ್ನು ಹಿಡಿದುಕೊಳ್ಳುತ್ತಾರೆ. ದಿನಾ ಹಿಡಿದುಕೊಂಡರೆ ಹೊಟ್ಟೆ ಬರುವುದನ್ನೇ ಮರೆತುಬಿಡುತ್ತದೆ. ಡಿಪೋದಲ್ಲಿ ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿ, ಒಬ್ಬೊಬ್ಬರ ಮುಖವೂ ಕಟ್ಟಿದ ಮೋಡದ ಹಾಗಿರುತ್ತದೆ. ಅಪ್ಪ ಮಾತ್ರ ನಾನು ಮಾಡಿದ ಹಸಿ ಪುಡಿ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡಿದು, ಆರು ವರ್ಷದಿಂದ ನಗುಮುಖದಲ್ಲಿ ಬಸ್ಸು ಹತ್ತುತ್ತಿದ್ದರು.

ಒಂದು ದಿನ ಅಂಗಡಿಯ ಕಟ್ಟಡದ ಮಾಲೀಕ ಬಂದು, ಹಿಂದಿನ ಕೋಣೆ ಫೋನಿನ ಕವರು ತುಂಬಿಡಲು ಒಬ್ಬರಿಗೆ ಬೇಕಂತೆ, ವ್ಯಾಪಾರವಿಲ್ಲದಿದ್ದರೆ ಬಿಟ್ಟುಕೊಡಿ ಅಂದ. ಅತ್ತೆ ಅವತ್ತು ಊಟ ಮಾಡಲಿಲ್ಲ. ಪುಡಿ ಕೋಣೆ ಹೋದರೆ ಅಂಗಡಿಯಲ್ಲಿ ಉಳಿಯುವುದು ಬೇರೆಯವರು ತುಂಬಿದ ಡಬ್ಬಿಗಳಿಗೆ ಧೂಳು ಒರೆಸುವ ಕೆಲಸ. ಅದನ್ನು ಕೇಳಿಸಿಕೊಂಡ ಅಪ್ಪ, ಜನ್ಮದಲ್ಲಿ ಯಾರ ಹತ್ತಿರವೂ ಶಿಫಾರಸು ಮಾಡದ ಮನುಷ್ಯ, ಡಿಪೋ ಮ್ಯಾನೇಜರ ಬಾಗಿಲು ತಟ್ಟಿದರು. ಮ್ಯಾನೇಜರು ಒಪ್ಪಿದರು. ಮೊದಲು ನಲವತ್ತು ಡ್ರೈವರುಗಳಿಗೆ ಹತ್ತು ದಿನದ ಪುಡಿ. ಗುಣ ಕಂಡರೆ ಡಿಪೋದ ಆರುನೂರು ಜನರಿಗೂ ಪ್ರತಿ ತಿಂಗಳು. ಆರುನೂರು ಡಬ್ಬಿ ಅಂದರೆ ಪುಡಿ ಕೋಣೆ ಉಳಿದ ಹಾಗೆ. ಅತ್ತೆಗೆ ಅದೊಂದೇ ಬೇಕಿದ್ದದ್ದು.

ಅಷ್ಟರಲ್ಲಿ ಅತ್ತೆಗೆ ಜ್ವರ ಬಂತು. ಹತ್ತು ದಿನ ಮಹಡಿಯ ಮೇಲೆ ಮಲಗಿದರು. ಮೂಗು ಕಟ್ಟಿ, ನಾಲಿಗೆಗೆ ರುಚಿ ಹೋಗಿ, ಕೆಳಗೆ ಬಂದು ನೋಡುವ ಸ್ಥಿತಿ ಇರಲಿಲ್ಲ. ಅಂಗಡಿಯನ್ನು ಅಳಿಯಂದಿರ ಕೈಗೆ ಕೊಟ್ಟರು.

ಅಳಿಯಂದಿರು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದವರು. ಆ ಲ್ಯಾಬು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಬಂದ ವಾರವೇ ನನ್ನ ತಲೆಗೊಂದು ಬಲೆಯ ಟೋಪಿ ತಂದರು. ಕೈಗೆ ಗವಸು. ಕೋಣೆಯ ಗೋಡೆಗೆ ಥರ್ಮಾಮೀಟರು. ತಮ್ಮ ಜೇಬಿಗೆ, ಕಂಡದ್ದನ್ನೆಲ್ಲ ಬರೆದಿಡಲು ಒಂದು ಪುಸ್ತಕ. ಸುತ್ತಿಗೆಗೂ ಒಂದು ನಂಬರು ಅಂಟಿಸಿದರು, ಇದ್ದದ್ದೇ ಒಂದು ಸುತ್ತಿಗೆ. ಕೆಟ್ಟ ಮನುಷ್ಯನಲ್ಲ, ಆದರೆ ಅವರನ್ನು ನೋಡಿದಾಗೆಲ್ಲ ನನಗೆ ಆ ಎಂಟನೇ ಕ್ಲಾಸಿನ ಮೇಷ್ಟರ ಕೈಯ ಚಾಕ್‌ಪೀಸು ನೆನಪಾಗುತ್ತಿತ್ತು.

ಡಿಪೋದ ಪುಡಿಗೆ ಅಂತ ಎರಡು ಮೂಟೆ ಅಳಲೆಕಾಯಿ ಬಂದಿತ್ತು. ಅಳಿಯಂದಿರು ಭೂತಗನ್ನಡಿ ಹಿಡಿದು ಒಂದು ಕಾಯಿಯನ್ನು ತುಂಬಾ ಹೊತ್ತು ನೋಡಿದರು. ಸಿಪ್ಪೆಯ ಸುಕ್ಕಿನಲ್ಲಿ ಬೂಷ್ಟು ಇದೆ, ಸಾರ್ವಜನಿಕರಿಗೆ ಕೊಡುವುದು, ಎಲ್ಲವನ್ನೂ ಕುದಿಸಿ ಒಣಗಿಸಿ ಆಮೇಲೆ ಪುಡಿ ಮಾಡು ಅಂದರು. ಬೂಷ್ಟು ಹಿಡಿದವನ್ನು ನಾನು ಆರಿಸಿ ಎಸೆಯುತ್ತೇನೆ, ಹತ್ತು ವರ್ಷದಿಂದ ಅದನ್ನೇ ಮಾಡುತ್ತಿರುವುದು. ಅದನ್ನು ಹೇಳಲು ಬಾಯಿ ತೆರೆದೆ. ಬೇಯಿಸಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳುವವನಿದ್ದೆ, ದೇವರಾಣೆ.

“ಬೇಯಿಸಿದ್ರೆ ಇದು...” ಅಂದೆ.

“ಒಂದ್ನಿಮಿಷ. ನೀನು ಎಷ್ಟನೇ ಕ್ಲಾಸು ಓದಿದೀಯ?” ಅಂದರು.

ಅವರ ಕೈಯಲ್ಲಿ ಡಿಪೋದವರು ಕೊಟ್ಟ ಅರ್ಜಿ ಇತ್ತಂತೆ. ಅದರಲ್ಲಿ ಕೆಲಸಗಾರರ ವಿದ್ಯಾಭ್ಯಾಸ ಅಂತ ಒಂದು ಸಾಲು ತುಂಬಬೇಕಿತ್ತಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಆಗ ನನಗೆ ಕಂಡದ್ದು ಪೆನ್ನು ಹಿಡಿದ ಕೈ ಮತ್ತು ನನ್ನ ಮಾತಿನ ಅರ್ಧಕ್ಕೆ ಬಿದ್ದ ಪ್ರಶ್ನೆ. ಕಿವಿ ಬಿಸಿಯಾಯಿತು. ಏಳು ಪಾಸು ಅಂದೆ. ಅವರು ಬರೆದುಕೊಂಡು, ಏನೋ ಹೇಳ್ತಿದ್ದೆಯಲ್ಲ ಅಂದರು.

“ಏನಿಲ್ಲ. ಎಷ್ಟು ಹೊತ್ತು ಕುದಿಸ್ಲಿ?”

ಅವರೇ ಗಡಿಯಾರ ಹಿಡಿದು ನಿಂತರು. ಸ್ಟೀಲಿನ ದೊಡ್ಡ ಪಾತ್ರೆಯಲ್ಲಿ ಕಾಯಿ ಬೆಂದು ಉಬ್ಬಿ, ನೀರು ಹಳೆಯ ಟೀಯ ಬಣ್ಣಕ್ಕೆ ಬಂತು. ತಾರಸಿಯ ಮೇಲೆ ಎರಡು ದಿನ ಒಣಗಿಸಿದೆ. ಸುತ್ತಿಗೆಯಲ್ಲಿ ಒಡೆದು ಗೊರಟೆ ತೆಗೆದೆ, ಪುಡಿ ಮಾಡಿದೆ, ಸೋಸಿದೆ. ಪ್ರತಿ ಹಂತದಲ್ಲೂ ಹೇಳಬಹುದಿತ್ತು. ಪ್ರತಿ ಹಂತದಲ್ಲೂ, ಹೇಳಿದ್ದನ್ನ ಮಾಡು ಅಂದಿದ್ದೀರಲ್ಲ, ಮಾಡಿದ್ದೀನಿ ತಗೊಳ್ಳಿ ಅಂತ ಮನಸ್ಸಿನಲ್ಲೇ ಅವರ ಜತೆ ಜಗಳವಾಡಿ ಗೆಲ್ಲುತ್ತಿದ್ದೆ. ಡಬ್ಬಿಗಳು ಬರಲಿ, ಡ್ರೈವರುಗಳು ಬೈಯಲಿ, ಅತ್ತೆ ಕೆಳಗಿಳಿದು ಬಂದು ಇದನ್ನು ಬೇಯಿಸಿದ್ದು ಯಾರು ಅಂತ ಕೇಳಲಿ, ಆಗ ನಾನು ಟೋಪಿ ತೆಗೆದು ಅಳಿಯಂದಿರ ಕಡೆ ನೋಡುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ. ಡಿಪೋದ ಗುತ್ತಿಗೆ ಹೋದರೆ ಅತ್ತೆಯ ಕೋಣೆಯೂ ಹೋಗುತ್ತದೆ ಅನ್ನುವುದು ತಲೆಗೆ ಬರಲಿಲ್ಲವಾ? ಬಂತು. ಸಿಟ್ಟು ಬಂದಾಗ ನನಗೆ ಎಲ್ಲವೂ ತಲೆಗೆ ಬರುತ್ತದೆ, ಯಾವುದೂ ನಿಲ್ಲುವುದಿಲ್ಲ, ಅಷ್ಟೇ.

ಅಪ್ಪನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಅವರದು ಮನೆಯ ಬಾಟಲಿ, ಹಸಿ ಪುಡಿ. ಅವರು ಬಚಾವು.

ಸೋಮವಾರ ನಲವತ್ತು ಡಬ್ಬಿ ಡಿಪೋ ಸೇರಿದವು.

ಮಂಗಳವಾರ ಊರಿನಲ್ಲಿ ಏನೂ ಆಗಲಿಲ್ಲ. ಬುಧವಾರ ಹಾರ್ನಿನ ಸದ್ದು ಸ್ವಲ್ಪ ಜಾಸ್ತಿಯಾಯಿತು. ಗುರುವಾರದ ಹೊತ್ತಿಗೆ ರಸ್ತೆಯಲ್ಲಿ ನಡೆಯುವುದೇ ಕಷ್ಟವಾಯಿತು. ಬಸ್ಸುಗಳು ನಿಲ್ದಾಣದಲ್ಲಿ ನಿಲ್ಲುತ್ತಿರಲಿಲ್ಲ, ನಿಂತರೆ ಹೊರಡುತ್ತಿರಲಿಲ್ಲ. ಒಂಬತ್ತನೇ ನಂಬರಿನ ಡ್ರೈವರಿಗೆ ಡಿಪೋದಲ್ಲಿ ‘ಹಾರ್ನ್ ಅಣ್ಣ’ ಅಂತ ಹೆಸರು. ಅವರು ಒಬ್ಬ ಸೈಕಲ್ಲಿನವನ ಹಿಂದೆ ಎರಡು ಬೀದಿ ಹಾರ್ನು ಒತ್ತಿಕೊಂಡೇ ಹೋದರಂತೆ. ಡ್ರೈವರುಗಳಿಂದ ಬೈಸಿಕೊಂಡ ಕಂಡಕ್ಟರುಗಳು ಚಿಲ್ಲರೆ ಕೇಳಿದವರ ಮೇಲೆಲ್ಲ ಎಗರಿದರು. ಯಾರೋ ಮುಷ್ಕರ ಅಂದರು, ಯಾರೋ ಸಂಬಳ ಬಂದಿಲ್ಲ ಅಂದರು. ನಾನು ಪುಡಿ ಕೋಣೆಯ ತೆರೆಯುವ ಕಿಟಕಿಯ ಹತ್ತಿರ ಕೂತು ಹಾರ್ನು ಎಣಿಸಿದೆ. ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಅಳಿಯಂದಿರು ಕಿಟಕಿ ಮುಚ್ಚು, ಧೂಳು ಬರತ್ತೆ ಅಂದರು. ಪಾಪ, ಅವರಿಗೆ ಹಾರ್ನಿಗೂ ಬೂಷ್ಟಿಗೂ ಇರುವ ಸಂಬಂಧ ಹೇಗೆ ತಿಳಿಯಬೇಕು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಅಪ್ಪ ಆಗಲೇ ಬಂದಿದ್ದರು. ನಿಂತುಕೊಂಡು ಉಣ್ಣುತ್ತಿದ್ದರು. ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟುಕೊಂಡು, ಗೋಡೆಗೆ ಒಂದು ಕೈ ಕೊಟ್ಟು. ಕೂತ್ಕೊಳ್ಳಿ ಅಂತ ಅಮ್ಮ ಮೂರು ಸಲ ಹೇಳಿದಳಂತೆ, ಮೂರು ಸಲವೂ ಕೇಳಿಸದವರ ಹಾಗೆ ಇದ್ದರಂತೆ. ಅರ್ಧ ದಿನ ರಜೆ ಹಾಕಿದ್ದರು. ಇಪ್ಪತ್ತೈದು ವರ್ಷದಲ್ಲಿ ಅಪ್ಪ ಇದಕ್ಕೆ ಮೊದಲು ಅರ್ಧ ದಿನ ರಜೆ ಹಾಕಿದ್ದು ಎರಡು ಸಲ. ಒಂದು, ನಾನು ಹುಟ್ಟಿದಾಗ. ಇನ್ನೊಂದು, ನಾನು ಪುಸ್ತಕ ಎಸೆದಾಗ.

ಏನಾಯಿತು ಅಂದೆ. ಅಪ್ಪ ಏನಿಲ್ಲ ಅಂದರು. ಅವರ ಚೀಲ ಕುರ್ಚಿಯ ಮೇಲೆ ಬಾಯಿ ತೆರೆದು ಕೂತಿತ್ತು. ಒಳಗೆ ಟಿಫಿನ್ ಡಬ್ಬಿಯ ಪಕ್ಕ, ಅಳಿಯಂದಿರು ನಂಬರು ಅಂಟಿಸಿದ ಡಬ್ಬಿ. ಮುಕ್ಕಾಲು ಖಾಲಿ. ಅಡಿಗೆಮನೆಯ ಕಪಾಟು ತೆಗೆದು ನೋಡಿದೆ. ಮನೆಯ ಬಾಟಲಿ ಕತ್ತಿನ ತನಕ ತುಂಬಿಕೊಂಡಿತ್ತು.

ಇದಿರುವಾಗ ಅದನ್ನ ಯಾಕೆ ಕುಡಿದಿರಿ ಅಂತ ಕೇಳುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅಪ್ಪ ತಟ್ಟೆ ತೊಳೆಯಲು ಹೋಗುತ್ತಾ ಹೇಳಿದರು:

“ನಾನೇ ಬೇರೆ ಡಬ್ಬಿ ಕುಡಿದ್ರೆ, ನಿಮ್ಮ ಅತ್ತೆ ಪುಡಿ ಕುಡೀರೋ ಅಂತ ಅವರಿಗೆಲ್ಲ ಯಾವ ಬಾಯಲ್ಲಿ ಹೇಳ್ಲಿ? ನಾಲ್ಕು ದಿನದಿಂದ ಎಲ್ಲರ ಎದುರಿಗೇ ಕುಡೀತಿದೀನಿ. ಕೆಲಸ ಮಾಡ್ತಿಲ್ಲ ಅಂತ ಇನ್ನೊಂದು ಚಮಚ ಜಾಸ್ತಿನೇ ಹಾಕ್ಕೊಂಡೆ.”

ನಾನು ಊಟ ಮಾಡಲಿಲ್ಲ. ಮನೆಯ ಬಾಟಲಿಯಿಂದ ಒಂದು ಚಮಚ ಬಿಸಿನೀರಿಗೆ ಹಾಕಿ ಅಪ್ಪನಿಗೆ ಕುಡಿಸಲು ಹೋದೆ. ಅವರು ಬೇಡ ಅಂದರು. ಹತ್ತು ದಿನ ಅಂತ ಮಾತು ಕೊಟ್ಟಿದ್ದಾರಂತೆ. ಇಂಥ ಮನುಷ್ಯನಿಗೆ ನಾನು ಹೇಗೆ ಹುಟ್ಟಿದೆ ಅಂತ ಬೇರೆಯವರೂ ಕೇಳಿದ್ದುಂಟು. ಅವರ ಚೀಲದಿಂದ ಡಬ್ಬಿ ಎತ್ತಿಕೊಂಡು ಅಂಗಡಿಗೆ ಓಡಿದೆ.

ಅತ್ತೆ ಅವತ್ತೇ ಮೊದಲ ಸಲ ಕೆಳಗಿಳಿದು ಮೇಜಿನ ಹಿಂದೆ ಕೂತಿದ್ದರು. ಮುಖ ಸಣ್ಣಗಾಗಿತ್ತು, ಮೂಗು ಬಿಟ್ಟಿತ್ತು. ಡಬ್ಬಿಯನ್ನು ಅವರ ಮುಂದಿಟ್ಟೆ. ಅವರು ಒಂದು ಚಿಟಿಕೆ ತೆಗೆದು ಮೂಸಿದರು, ನಾಲಿಗೆಯ ಮೇಲಿಟ್ಟರು. ಅಷ್ಟರಲ್ಲಿ ಅಳಿಯಂದಿರು ಒಳಗಿನಿಂದ ಬಂದರು. ಅತ್ತೆ ಡಬ್ಬಿಯನ್ನೇ ನೋಡುತ್ತಾ, ಇದು ಬೆಂದಿದೆ ಅಂದರು. ಹೌದು, ಇಪ್ಪತ್ತೆರಡು ನಿಮಿಷ ಅಂತ ಅಳಿಯಂದಿರು ಹೆಮ್ಮೆಯಿಂದಲೇ ಹೇಳಿದರು. ಅತ್ತೆ ಬೆಂದದ್ದು ಏನು ಮಾಡುತ್ತದೆ ಅಂತ ಎರಡೇ ವಾಕ್ಯದಲ್ಲಿ ಹೇಳಿದರು. ಅಳಿಯಂದಿರು ನಿಂತಲ್ಲೇ ಗವಸು ತೆಗೆದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಲವತ್ತು ಜನ ಅಂದರು ಮೆಲ್ಲಗೆ. ನನಗೆ ಯಾರೂ ಹೇಳಲಿಲ್ಲ ಅಂದರು.

ನಾನು ಕಾದಿದ್ದ ಗಳಿಗೆ ಇದೇ. ಟೋಪಿ ತೆಗೆದು ಅವರ ಕಡೆ ನೋಡಿದರೆ ಸಾಕಿತ್ತು. ಆದರೆ ಕಣ್ಣ ಮುಂದೆ ಫ್ರಿಜ್ಜಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವ ಅಪ್ಪ ಇದ್ದರು.

“ನಂಗೆ ಗೊತ್ತಿತ್ತು ಅತ್ತೆ. ಬೇಕಂತ ಹೇಳಲಿಲ್ಲ.”

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಬಾಗಿಲು ಬಡಿದು ಹೋಗಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅತ್ತೆ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಅವರಿಗೆ ಗೊತ್ತಿರ್ಲಿಲ್ಲ, ಕಲಿಸಬಹುದು. ನಿಂಗೆ ಗೊತ್ತಿತ್ತಲ್ಲಪ್ಪ. ನಿಂಗೆ ನಾನೇನು ಕಲಿಸ್ಲಿ?”

ಇದಕ್ಕೆ ಬಾಗಿಲು ಬಡಿಯಲು ಆಗುವುದಿಲ್ಲ.

ಎರಡನೇ ಮೂಟೆಯಲ್ಲಿ ಅರ್ಧ ಬೇಯಿಸದೆ ಉಳಿದಿತ್ತು. ಬಿಚ್ಚಿದೆ. ನೀರಿಗೆ ಹಾಕಿ ತೇಲಿದ್ದನ್ನು ಎಸೆದೆ, ಮುಳುಗಿದ್ದನ್ನು ಬಟ್ಟೆಯಲ್ಲಿ ಒರೆಸಿದೆ, ಬೂಷ್ಟು ಹಿಡಿದದ್ದನ್ನು ಆರಿಸಿದೆ. ಅಳಿಯಂದಿರು ಕೇಳದೆಯೇ ಬಂದು ಪಕ್ಕದಲ್ಲಿ ಕೂತು ಸುತ್ತಿಗೆ ಎತ್ತಿಕೊಂಡರು. ಮೂರನೇ ಕಾಯಿಗೇ ಹೆಬ್ಬೆರಳು ಜಜ್ಜಿಕೊಂಡರು. ಕಾಯಿಯನ್ನು ಉದ್ದಕ್ಕೆ ನಿಲ್ಲಿಸಿ ಹೊಡೀಬೇಕು ಅಂತ ತೋರಿಸಿದೆ. ಅವತ್ತು ಅರ್ಜಿಯ ವಿಷಯ ಅವರೇ ಹೇಳಿದ್ದು. ಆ ಪ್ರಶ್ನೆ ನಿನಗಲ್ಲ, ಆ ಕಾಗದಕ್ಕೆ ಬೇಕಿತ್ತು ಅಂದರು. ಕಾಗದಕ್ಕೆ ಬೇಕಾದರೆ ಕಾಗದವನ್ನೇ ಕೇಳಬೇಕಿತ್ತು ಅಂದೆ. ಅವರು ನಗಬೇಕೋ ಬೇಡವೋ ಅಂತ ನೋಡಿ, ಹೆಬ್ಬೆರಳು ಬಾಯಿಗಿಟ್ಟುಕೊಂಡರು. ಸಂಜೆ ದೀಪ ಹಾಕುವ ಹೊತ್ತಿಗೆ ನಲವತ್ತು ಪೊಟ್ಟಣ ಮೇಜಿನ ಮೇಲೆ ಸಾಲಾಗಿ ಕೂತವು. ಅತ್ತೆ ಪ್ರತಿಯೊಂದರಿಂದಲೂ ಒಂದು ಕಣ ನಾಲಿಗೆಗಿಟ್ಟು ನೋಡಿದರು. ನಾನು ಮಾಡಿದ್ದನ್ನು ಅತ್ತೆ ಮೊದಲು ಹಾಗೆ ನೋಡುತ್ತಿರಲಿಲ್ಲ. ಅವತ್ತಿನಿಂದ ನೋಡುತ್ತಾರೆ.

ಶನಿವಾರ ಬೆಳಿಗ್ಗೆ ಐದೂವರೆ. ಡಿಪೋದ ಡ್ರೈವರುಗಳ ಕೋಣೆ ಅಂದರೆ ಎರಡು ಉದ್ದನೆಯ ಬೆಂಚು, ಒಂದು ಕನ್ನಡಿ, ಗೋಡೆಯ ಮೇಲೆ ಯಾವ ಬಸ್ಸು ಯಾರಿಗೆ ಅನ್ನುವ ಪಟ್ಟಿ. ಬೆಂಚು ಎರಡೂ ಖಾಲಿ, ಎಲ್ಲರೂ ನಿಂತೇ ಇದ್ದರು. ಅದನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಅಪ್ಪ ಪಟ್ಟಿಯ ಹತ್ತಿರ ನಿಂತಿದ್ದರು. ಅವರಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ. ಧೈರ್ಯ ಆಗಿರಲಿಲ್ಲ ಅಂತ ಬರೆಯುವುದಕ್ಕೆ ಕೈ ಬರುವುದಿಲ್ಲ, ಆದರೆ ಅದೇ ನಿಜ.

ಹೇಳಿದೆ. ಪುಡಿ ಉಲ್ಟಾ ಆಗಿದೆ, ಅತ್ತೆ ಜ್ವರದಲ್ಲಿ ಮಲಗಿದ್ದರು, ಅವರ ತಪ್ಪಲ್ಲ, ನನಗೆ ತಿಳಿದಿತ್ತು, ನಮ್ಮ ಅಂಗಡಿಯೊಳಗಿನ ಒಬ್ಬರ ಮೇಲಿನ ಸಿಟ್ಟಿಗೆ ಸುಮ್ಮನಿದ್ದೆ ಅಂತ ಹೇಳಿದೆ.

ಹಾರ್ನ್ ಅಣ್ಣ ಮುಂದೆ ಬಂದರು. ಆರಡಿ ಆಳು, ನಾಲ್ಕು ದಿನದ ಭಾರ ಬೇರೆ.

“ಯಾರ ಮೇಲಿನ ಸಿಟ್ಟನ್ನ ಯಾರ ಹೊಟ್ಟೆ ಮೇಲೆ ತೀರಿಸ್ಕೊಂಡ್ಯೋ ಮಾರಾಯ? ನಂಗೇ ಬಂದು ಎರಡು ಬಾರಿಸಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ.”

ಯಾರೋ ಹಿಂದೆ ನಕ್ಕರು, ನಕ್ಕಿದ್ದಕ್ಕೆ ನೋವಾಗಿ ಅಮ್ಮಾ ಅಂದರು. ಒಬ್ಬರು ಪೊಟ್ಟಣ ಎತ್ತಿ ನನ್ನ ಕಡೆಗೇ ಎಸೆದರು. ಇನ್ನೊಬ್ಬರು, ಇದೂ ಇನ್ನೇನೋ ಆಗಿದ್ದರೆ, ಸ್ಟಿಯರಿಂಗಿನ ಮುಂದೆಯೇ ಮರ್ಯಾದೆ ಹೋದರೆ ಯಾರು ಜವಾಬ್ದಾರಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ.

ಅಪ್ಪ ಪಟ್ಟಿಯ ಹತ್ತಿರದಿಂದ ಬಂದರು. ನನ್ನ ಮುಖ ನೋಡಲಿಲ್ಲ. ಒಂದು ಪೊಟ್ಟಣ ಬಿಚ್ಚಿ, ಟೀ ಕೊಡುವವನ ಹತ್ತಿರ ಬಿಸಿನೀರು ಇಸಿದುಕೊಂಡು, ಕಲಸಿ, ನಿಂತಲ್ಲೇ ಪೂರ್ತಿ ಕುಡಿದರು. ಲೋಟ ತೊಳೆದು ವಾಪಸು ಕೊಟ್ಟರು. ಆಮೇಲೆ ಟೋಪಿ ಹಾಕಿಕೊಂಡು ನಾಲ್ಕನೇ ನಂಬರಿನ ಕಡೆ ನಡೆದರು. ಪುಸ್ತಕ ಎಸೆದ ದಿನ ಕೂಡ ಅವರು ನನ್ನನ್ನು ಬೈದಿರಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಎರಡು ಸಲವೂ ಅನ್ನಿಸಿತು.

ಒಬ್ಬೊಬ್ಬರೇ ಪೊಟ್ಟಣ ತೆಗೆದುಕೊಂಡರು. ಎಲ್ಲರೂ ಅಲ್ಲ. ಹಾರ್ನ್ ಅಣ್ಣ ಎರಡು ತೆಗೆದುಕೊಂಡರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಊರಿನ ಹಾರ್ನು ಇಳಿಯಿತು. ಹದಿಮೂರನೇ ನಂಬರಿನ ಬಸ್ಸು ಕೊನೆಯ ನಿಲ್ದಾಣದಲ್ಲಿ ಹದಿನೇಳು ನಿಮಿಷ ಡ್ರೈವರಿಲ್ಲದೆ ನಿಂತಿತ್ತಂತೆ, ವಾಪಸು ಬಂದ ಡ್ರೈವರಿನ ಮುಖ ನೋಡಿ ಯಾರೂ ದೂರು ಹೇಳಲಿಲ್ಲವಂತೆ. ಸಂಜೆ ಅಪ್ಪ ಕುರ್ಚಿಯ ಮೇಲೆ ಕೂತು ಊಟ ಮಾಡಿದರು. ಅಮ್ಮ ಅವರ ತಟ್ಟೆಗೆ ಇನ್ನೊಂದು ಸಲ ಬಡಿಸಿದಳು. ನನಗೆ ಮಾತ್ರ ನೀನೇ ಹಾಕ್ಕೋ ಅಂದಳು.

ಹೊಟ್ಟೆಗಳು ಸರಿಯಾದವು, ಗುತ್ತಿಗೆ ಸರಿಯಾಗಲಿಲ್ಲ. ಸೋಮವಾರ ಡಿಪೋದಿಂದ ಕಾಗದ ಬಂತು: ಪ್ರಯೋಗ ವಿಫಲ, ಉಳಿದ ಡಬ್ಬಿಗಳನ್ನು ವಾಪಸು ಒಯ್ಯುವುದು. ಅತ್ತೆ ಅದನ್ನು ಓದಿ ಮಡಚಿ ಒಂದು ಡ್ರಾಯರಿನಲ್ಲಿಟ್ಟರು. ನೂರಾ ಹನ್ನೆರಡರಲ್ಲಿ ಯಾವುದರಲ್ಲಿ ಅಂತ ನನಗೆ ಈಗಲೂ ಗೊತ್ತು. ಆಮೇಲೆ ಪುಡಿ ಕೋಣೆಗೆ ಬಂದು ಜರಡಿಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸತೊಡಗಿದರು. ಕಟ್ಟಡದವನಿಗೆ ಬುಧವಾರ ಹೇಳುತ್ತೇನೆ ಅಂದರು, ಬಟ್ಟೆ ಒಗೆದಾಯಿತು ಅನ್ನುವಷ್ಟು ಸಲೀಸಾಗಿ. ನಾನು ಜರಡಿಗಳನ್ನು ಅವರ ಕೈಯಿಂದ ಕಿತ್ತುಕೊಂಡು ಮತ್ತೆ ಗೋಡೆಗೆ ನೇತುಹಾಕಿದೆ. ಅವರು ಮತ್ತೆ ಇಳಿಸಿದರು. ಮೂರನೇ ಸಲ ಅವು ನೆಲದ ಮೇಲೇ ಉಳಿದವು.

ಡಬ್ಬಿ ತರಲು ನಾನು ಮತ್ತು ಅಳಿಯಂದಿರು ಹೋದೆವು. ಡ್ರೈವರುಗಳ ಕೋಣೆಯ ಮೂಲೆಯಲ್ಲಿ ಹಳೆಯ ಡಬ್ಬಿಗಳನ್ನು ಒಂದು ಪೆಟ್ಟಿಗೆಗೆ ಹಾಕಿಟ್ಟಿದ್ದರು. ಅಳಿಯಂದಿರು ತಮ್ಮ ನಂಬರುಗಳನ್ನು ನೋಡಿ ನೋಡಿ ಎಣಿಸಿದರು. ಅಪ್ಪನ ಡಬ್ಬಿ ಅಂಗಡಿಯಲ್ಲೇ ಇತ್ತು, ಹಾಗಾಗಿ ಮೂವತ್ತೊಂಬತ್ತು ಇರಬೇಕು. ಮೂವತ್ತೊಂದು ಇದ್ದವು. ಎಂಟು ಇಲ್ಲ. ಮತ್ತೆ ಎಣಿಸಿದರು. ಎಸೆದಿರುತ್ತಾರೆ ಬನ್ನಿ ಅಂದೆ. ಇಲ್ಲ, ಹೊಸ ಪೊಟ್ಟಣ ತೆಗೆದುಕೊಳ್ಳದವರೂ ಇದ್ದಾರೆ, ಶನಿವಾರ ಏಳು ವಾಪಸು ತಂದೆಯಲ್ಲ ಅಂದರು. ಹಾರ್ನ್ ಅಣ್ಣ ಎರಡು ತೆಗೆದುಕೊಂಡಿದ್ದರು, ಆದ್ದರಿಂದ ತೆಗೆದುಕೊಳ್ಳದವರೂ ಎಂಟು ಜನ ಅಂದೆ. ಆ ಎಂಟು ಜನ ಯಾರು ಅಂತ ಅಳಿಯಂದಿರು ಪುಸ್ತಕದಲ್ಲಿ ಬೆರಳು ಆಡಿಸುತ್ತಿರುವಾಗ, ಒಬ್ಬ ಗುಮಾಸ್ತ ಬಂದು ನನ್ನನ್ನು ಮ್ಯಾನೇಜರು ಕರೀತಿದ್ದಾರೆ ಅಂದ. ಒಬ್ಬನೇ ಬರಬೇಕಂತೆ.

ಮ್ಯಾನೇಜರಿಗೆ ಐವತ್ತು ದಾಟಿದೆ, ಇಸ್ತ್ರಿ ಮಾಡಿದ ಮುಖ. ನಾನು ಒಳಗೆ ಹೋದದ್ದೇ ಎದ್ದು ಬಾಗಿಲು ಹಾಕಿದರು. ಪೊಲೀಸಿಗೆ ಹೇಳುತ್ತಾರೆ ಅಂದುಕೊಂಡೆ. ಅವರು ಮೇಜಿನ ಖಾನೆ ಎಳೆದು ಅಳಿಯಂದಿರ ಒಂದು ಡಬ್ಬಿ ತೆಗೆದು ಮುಂದಿಟ್ಟರು. ತಳ ಕಾಣುತ್ತಿತ್ತು. ಹೊಟ್ಟೆಯ ಪುಡಿ ಅಂದದ್ದನ್ನೇ ನಂಬಿ, ನಲವತ್ತರಲ್ಲಿ ಒಂದು ಅವರೇ ಇಟ್ಟುಕೊಂಡಿದ್ದರು, ಪರೀಕ್ಷೆಗೆ ಅಂತ.

“ಈ ಹಳೇದು ಇನ್ನೂ ಇದೆಯಾ?” ಅಂದರು.

ಅದು ತಪ್ಪಾಗಿ ಮಾಡಿದ್ದು ಸಾರ್, ಬೇಯಿಸಿಬಿಟ್ಟಿದ್ದು, ನಾನು ಗೊತ್ತಿದ್ದೂ ಅಂತ ಮತ್ತೆ ಮೊದಲಿಂದ ಶುರುಮಾಡಿದೆ. ಒಂದು ಕ್ಷಣ, ಇದು ನಮ್ಮ ಅಂಗಡಿಯ ವಿಶೇಷ ಔಷಧಿ ಸಾರ್ ಅಂದುಬಿಡಲಾ ಅಂತ ನಾಲಿಗೆ ತುದಿಗೆ ಬಂದದ್ದು ಹೌದು. ಆದರೆ ಶುಕ್ರವಾರದಿಂದ ನಿಜ ಹೇಳಿ ಹೇಳಿ ಅಭ್ಯಾಸವಾಗಿತ್ತು. ಮ್ಯಾನೇಜರು ಕೈಯೆತ್ತಿ ನಿಲ್ಲಿಸಿದರು. ನಿನ್ನ ಕಥೆ ಡಿಪೋ ಪೂರ್ತಿ ಕೇಳಿದೆ, ನನಗೆ ಕಥೆ ಬೇಡ, ಡಬ್ಬಿ ಬೇಕು ಅಂದರು. ಆಮೇಲೆ ದನಿ ತಗ್ಗಿಸಿದರು. ಅವರದು ನಾಲ್ಕು ವರ್ಷದಿಂದ ನಿಲ್ಲದ ಹೊಟ್ಟೆ. ಊರಿನ ಯಾವ ಬೀದಿಯಲ್ಲಿ ಯಾವ ಹೋಟೆಲಿನವನು ಹಿಂಬಾಗಿಲಿನ ಕೀಲಿ ಕೊಡುತ್ತಾನೆ ಅನ್ನುವುದು ಅವರಿಗೆ ಬಾಯಿಪಾಠ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ದೊಡ್ಡ ರೋಗವೇನೂ ಇಲ್ಲ ಅಂದಿದ್ದರಂತೆ. ಡ್ರೈವರು ಕೆಲಸ ಬಿಟ್ಟು ಈ ಕುರ್ಚಿಗೆ ಪರೀಕ್ಷೆ ಕಟ್ಟಿದ್ದೇ ಅದಕ್ಕಂತೆ. ಕೋಣೆಯ ಪಕ್ಕವೇ ಕಕ್ಕಸು. ಎಲ್ಲರೂ ಬಡ್ತಿ ಅಂದುಕೊಂಡಿದ್ದಾರೆ. ಮಂಗಳವಾರದಿಂದ ಆ ಬಾಗಿಲನ್ನು ದಿನಕ್ಕೆ ಒಂದೇ ಸಲ ತೆರೆದಿದ್ದೇನೆ ಅಂದಾಗ ಅವರ ಕಣ್ಣಿನಲ್ಲಿ ನೀರಿತ್ತೋ, ಬೆಳಕಿಗೆ ಹಾಗೆ ಕಂಡಿತೋ ಗೊತ್ತಿಲ್ಲ.

“ನನ್ನ ಥರದವರು ಇನ್ನೂ ಏಳು ಜನ ಇದಾರೆ ಇಲ್ಲಿ. ಕಟ್ಟಿದ್ರೆ ಗಂಡಸು ಹೇಳ್ಕೋತಾನೆ, ಇದನ್ನ ಯಾರು ಹೇಳ್ತಾರೆ? ಎರಡೂ ಥರ ಕೊಡಕ್ಕಾಗತ್ತಾ ನಿಮ್ಮತ್ತೆಗೆ?”

ಅತ್ತೆ ಪ್ರತಿಯೊಬ್ಬರನ್ನೂ ನೋಡಿ ಮಾತಾಡಿದ ಮೇಲೆಯೇ ಕೊಡುತ್ತಾರೆ, ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ ಡಾಕ್ಟರ ಹತ್ತಿರವೇ ಕಳಿಸುತ್ತಾರೆ, ನಮ್ಮಲ್ಲಿ ಹಾಗೇ ಅಂದೆ. ಮ್ಯಾನೇಜರು, ನಾಳೆಯೇ ಬರುತ್ತೇನೆ, ಆದರೆ ಅಂಗಡಿಯ ಹಿಂಬಾಗಿಲು ಎಲ್ಲಿದೆ ಹೇಳು ಅಂದರು. ವಿಫಲ ಅಂತ ಬರೆದ ಕಾಗದದ ಕೆಳಗೆ ಇನ್ನೊಂದು ಕಾಗದ ಬರೆದು ಠಸ್ಸೆ ಒತ್ತಿದರು. ಎರಡು ಬಗೆಯ ಪುಡಿ, ಆರುನೂರು ಜನ, ಪ್ರತಿ ತಿಂಗಳು.

ಹೊರಗೆ ಅಳಿಯಂದಿರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಹತ್ತಿರ ಕೂತಿದ್ದರು. ಕಾಗದ ತೋರಿಸಿದೆ. ಎರಡು ಸಲ ಓದಿದರು. ಬೇಯಿಸಿದ್ದು ಬೇಕಂತೆ ಅಂದೆ. ಆಗ ನನಗೊಂದು ಭಯ ಹೊಕ್ಕಿತು. ಬೇಯಿಸಿದ ಪುಡಿ ಅಂಗಡಿಯಲ್ಲಿ ವರ್ಷಕ್ಕೆ ಒಂದು ಹಿಡಿ ಮಾಡಿದರೆ ಹೆಚ್ಚು. ಅತ್ತೆ ಕಣ್ಣಳತೆಯಲ್ಲಿ ಒಂದು ಪುಟ್ಟ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಮೂಟೆಗಟ್ಟಲೆ ಕಾಯಿಗೆ ಎಷ್ಟು ನೀರು, ಎಷ್ಟು ಉರಿ, ಎಷ್ಟು ಬಿಸಿಲು ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ನಾನು ನೋಡಿಯೇ ಇರಲಿಲ್ಲ, ಒಳಗೊಳಗೇ ಜಗಳವಾಡುತ್ತಿದ್ದೆ.

ಅಳಿಯಂದಿರು ಜೇಬಿನಿಂದ ಪುಸ್ತಕ ತೆಗೆದರು. ಒಂದು ಪಾತ್ರೆಗೆ ನೀರು ಹದಿನಾಲ್ಕು ಲೀಟರು. ಕಾಯಿ ಆರು ಕಿಲೋ. ಕುದಿ ಬಂದ ಮೇಲೆ ಇಪ್ಪತ್ತೆರಡು ನಿಮಿಷ. ಬಿಸಿಲು ಮೊದಲ ದಿನ ಏಳು ಗಂಟೆ, ಎರಡನೇ ದಿನ ಐದೂವರೆ, ಮೋಡ ಇತ್ತು. ಎಲ್ಲ ಇತ್ತು. ನನ್ನ ವಿದ್ಯಾಭ್ಯಾಸವೂ ಇತ್ತು, ಮೇಲಿನ ಸಾಲಿನಲ್ಲಿ. ಆ ಪುಸ್ತಕವನ್ನು ಚರಂಡಿಗೆ ಎಸೆಯಬೇಕು ಅಂತ ಎಂಟು ತಿಂಗಳಿಂದ ಆಸೆಪಟ್ಟವನು ನಾನು. ಈಗ ಅದು ಒದ್ದೆಯಾಗದ ಹಾಗೆ ಒಳಜೇಬಿಗೆ ಇಟ್ಟುಕೊಳ್ಳಿ ಅಂತ ನಾನೇ ಹೇಳಬೇಕಾಯಿತು. ಅದಕ್ಕೂ ಸಿಟ್ಟು ಬಂತು.

ಜರಡಿಗಳು ಗೋಡೆಗೆ ಏರಿದವು. ಹಸಿಯದು ನನ್ನ ಕೆಲಸ, ಬೇಯಿಸುವುದು ಅಳಿಯಂದಿರ ಕೆಲಸ, ಎರಡನ್ನೂ ನಾಲಿಗೆಗೆ ಇಟ್ಟು ನೋಡದೆ ಒಂದು ಡಬ್ಬಿಯೂ ಹೊರಗೆ ಹೋಗಕೂಡದು ಅಂತ ಅತ್ತೆ ಹೇಳಿದರು. ಕಟ್ಟಡದವನು ಬುಧವಾರ ಬಂದಾಗ, ಬೇರೆ ಕೋಣೆ ನೋಡಿಕೊಳ್ಳಲಿ ನಿಮ್ಮ ಫೋನಿನವರು ಅಂತ ಹೇಳಿ, ಅವನ ಹಲ್ಲುನೋವಿಗೆ ಒಂದು ಚಿಟಿಕೆ ಅಳಲೆ ಪುಡಿಯನ್ನೂ ಕೊಟ್ಟು ಕಳಿಸಿದರು.

ಗುರುವಾರ ಮೊದಲ ದೊಡ್ಡ ಪಾತ್ರೆ ಒಲೆಯ ಮೇಲೆ ಕೂತಿತು. ನಾನು ಕಲ್ಲಿನ ಹತ್ತಿರ ಕಾಯಿ ಒಡೆಯುತ್ತಿದ್ದ ಹಾಗೇ ನೋಡಿದೆ, ಅಳಿಯಂದಿರು ತಿರುವಲು ಕಬ್ಬಿಣದ ಸೌಟು ಎತ್ತಿಕೊಂಡರು. ಅಳಲೆಯ ನೀರಿಗೆ ಕಬ್ಬಿಣ ಮುಟ್ಟಿದರೆ ಎಲ್ಲ ಶಾಯಿಯ ಹಾಗೆ ಕಪ್ಪಾಗುತ್ತದೆ, ಆರು ಕಿಲೋ ಕಾಯಿ ಹಾಳು. ನನ್ನ ಬಾಯಿ ಹಳೆಯ ಚಾಳಿಯಲ್ಲಿ ಒಂದು ಗಳಿಗೆ ಸುಮ್ಮನಿತ್ತು.

“ಕಬ್ಬಿಣ ಬೇಡ. ಮರದ್ದು ತಗೊಳ್ಳಿ,” ಅಂದೆ.

ಯಾಕೆ ಅಂದರು. ಹೇಳಿದೆ. ಸೌಟು ಕೆಳಗಿಟ್ಟು ಪುಸ್ತಕ ತೆಗೆದು ಬರೆದುಕೊಂಡರು. ಹೇಳುವಾಗ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಇತ್ತು. ಅದನ್ನೂ ಬರೆದುಕೊಂಡರೋ ಏನೋ.